ಮೋರಿಯಿಂದ ಮೋರಿಗೆ

ಸಕಲೇಶಪುರದಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ. ಜೂನ್ ಮೊದಲ ವಾರದಲ್ಲಿ ಟಾರ್ಪಾಲು, ಪೈಪು ಮಾರಿ ಮುಗಿದರೆ ಆಮೇಲೆ ಎರಡು ತಿಂಗಳು ನೊಣ ಹೊಡೆಯುವುದೇ ಕೆಲಸ. ಆ ಬಿಡುವಿನಲ್ಲೇ ಸುಬ್ರಹ್ಮಣ್ಯದ ಕಡೆ ಇಳಿಯುವ ಬಿಸಿಲೆ ಘಾಟಿಯ ಹುಚ್ಚು ಹಿಡಿದದ್ದು, ಆಮೇಲೆ ಅಲ್ಲಿನ ಕಪ್ಪೆಗಳ ಲೆಕ್ಕ ಇಡುವ ಹುಚ್ಚು.

ಮೊದಲ ಮೂರು ವರ್ಷ ನಾನೂ ಎಲ್ಲರಂತೆ ವ್ಯೂ ಪಾಯಿಂಟಿಗೆ ಹೋಗಿ ನಿಂತವನೇ. ಎದುರಿಗೆ 1712 ಮೀಟರ್ ಎತ್ತರದ ಪುಷ್ಪಗಿರಿ, ಕೆಳಗೆ ಕುಮಾರಧಾರೆಯ ಕಣಿವೆ. ಜುಲೈಯಲ್ಲಿ ಅದ್ಯಾವುದೂ ಕಾಣುವುದಿಲ್ಲ, ಹಾಲು ಚೆಲ್ಲಿದ ಹಾಗೆ ಬರೀ ಬಿಳಿ. ಆನೆ ಕಂಡೀತು, ಕಾಟಿ (ಕಾಡುಕೋಣ) ಕಂಡೀತು ಎಂದು ಕಾದು, ಬಜ್ಜಿ ತಿಂದು ವಾಪಸ್ ಬರುತ್ತಿದ್ದೆ.

ಹಾದಿ ತಪ್ಪಿಸಿದವರು ಕೂಡುರಸ್ತೆ ಕಡೆಯ ಒಬ್ಬ ಹಿರಿಯರು. ಏಲಕ್ಕಿ ತೋಟದಲ್ಲೇ ಆಯಸ್ಸು ಕಳೆದವರು. ಮಂಕನಹಳ್ಳಿಯ ಹತ್ತಿರ ನೀರು ಎರಡು ಕಡೆ ಒಡೆಯುವ ದಿಣ್ಣೆಯನ್ನು ತೋರಿಸಿದ್ದೂ ಅವರೇ. ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ, ಕಾವೇರಿ ಹಿಡಿದು ಬಂಗಾಳ ಕೊಲ್ಲಿಗೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. 'ಮ್ಯಾಲಿನ್ ಗುಡ್ಡ ನೋಡಿದ್ದು ಸಾಕು ಸ್ವಾಮಿ, ಈ ನೀರು ಇಳಿಯೋ ಕಡೆ ರಾತ್ರಿ ಒಂದ್ಸಲ ಕಿವಿ ಕೊಟ್ ನೋಡಿ' ಅಂದರು. ಅರಣ್ಯ ಇಲಾಖೆಯಲ್ಲಿ ಕೇಳಿ ಅನುಮತಿ ಪಡೆದೆ; ರಸ್ತೆ ಬಿಟ್ಟು ಕಾಡಿನೊಳಗೆ ಕಾಲಿಡುವುದಿಲ್ಲ ಎಂಬುದು ನಾನೇ ಹಾಕಿಕೊಂಡ ಕಟ್ಟು.

ಕಪ್ಪೆ ಲೆಕ್ಕ ಹೀಗೆ ಶುರುವಾಯಿತು. ಘಾಟಿ ರಸ್ತೆ ಒಂದೊಂದು ಹಳ್ಳ ದಾಟುವ ಕಡೆಯೂ ಒಂದೊಂದು ಮೋರಿ. ಹನ್ನೊಂದು ಮೋರಿ ಆರಿಸಿಕೊಂಡು ಮೇಲಿನಿಂದ ಕೆಳಕ್ಕೆ ನಂಬರು ಹಾಕಿದೆ. ಪ್ರತಿ ಮೋರಿಯ ಮೇಲೆ ಹತ್ತು ನಿಮಿಷ ದೀಪ ಆರಿಸಿ ನಿಲ್ಲುವುದು, ಕೇಳಿದ್ದನ್ನು ಬರೆಯುವುದು, ಆಮೇಲೆ ಹತ್ತು ನಿಮಿಷ ದೀಪ ಹಾಕಿ ಹುಡುಕುವುದು. ಒಂದು ರಾತ್ರಿಗೆ ನಾಲ್ಕು ಮೋರಿ ಆದರೆ ಹೆಚ್ಚು. ಕೊಡೆ ಹಿಡಿದರೆ ಕೆಟ್ಟಿರಿ, ಅದರ ಮೇಲೆ ಬೀಳುವ ಮಳೆಯ ಸದ್ದಿಗೆ ಕಪ್ಪೆಯ ದನಿ ಮುಳುಗುತ್ತದೆ. ರೇನ್‌ಕೋಟಿನದೂ ಅದೇ ಗೋಳು. ಕೊನೆಗೆ ಆ ಹಿರಿಯರ ಕಂಬಳಿ ಕೊಪ್ಪೆಯೇ ಗತಿಯಾಯಿತು: ನೆಂದರೆ ಕತ್ತೆ ಭಾರ, ಆದರೆ ಸದ್ದಿಲ್ಲ. ಬರೆಯಲು ಪೆನ್ನು ಬೇಡ, ಪೆನ್ಸಿಲ್. ದನಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಮೊಬೈಲಿನಲ್ಲೇ ಹಿಡಿದು, ಮನೆಗೆ ಬಂದು ಹತ್ತಾರು ಸಲ ಕೇಳುವುದು. ಹೆಂಡತಿ ಒಂದು ದನಿಗೆ 'ಕೇರಂ ಕಾಯಿನ್' ಅಂತಲೇ ಹೆಸರಿಟ್ಟಿದ್ದಾಳೆ. ನನ್ನ ಪುಸ್ತಕದಲ್ಲೂ ಅದು ಹಾಗೇ ಇದೆ.

ಉಂಬಳದ, ಅಂದರೆ ಕಾಡಿನ ಜಿಗಣೆಯ, ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಕಾಲಿಗೆ ಉಪ್ಪು, ಹೊಗೆಸೊಪ್ಪಿನ ಪುಡಿ ಉಜ್ಜಿಕೊಂಡ ಅದೇ ಕೈಯಲ್ಲಿ ಒಂದು ಪುಟ್ಟ ಕಪ್ಪೆಯನ್ನು ಎತ್ತಿಕೊಂಡೆ. ಅಂಗೈಯಲ್ಲಿ ಒದ್ದಾಡಿ ಒದ್ದಾಡಿ ಸೆಟೆದುಕೊಂಡಿತು. ಗಾಬರಿಯಾಗಿ ಹಳ್ಳದ ನೀರಿನಲ್ಲಿ ಬಿಟ್ಟೆ, ಉಳಿಯಿತೋ ಇಲ್ಲವೋ. ಕಪ್ಪೆ ಚರ್ಮದಲ್ಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಹೀರುತ್ತದೆ. ನಮ್ಮ ಉಪ್ಪು, ಮುಲಾಮು, ಸೊಳ್ಳೆ ಎಣ್ಣೆ ಎಲ್ಲವೂ ಅದಕ್ಕೆ ವಿಷವೇ. ಆವತ್ತಿನಿಂದ ಕೈ ಬೆನ್ನ ಹಿಂದೆ. ಉಂಬಳಕ್ಕೆ ಮೊಣಕಾಲಿನವರೆಗೆ ಬಿಗಿ ನೇಯ್ಗೆಯ ಬಟ್ಟೆಯ ಕಾಲುಚೀಲ, ಅಷ್ಟೇ. ಹತ್ತಿದರೆ ಹತ್ತಲಿ.

ಮೂರನೇ ಮೋರಿ ನನ್ನನ್ನು ಒಂದು ಇಡೀ ಮಳೆಗಾಲ ಕಾಡಿಸಿತು. ಅದು ಹೆಸರಿಗೆ ಮೋರಿ, ಮಳೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಬತ್ತುತ್ತದೆ. ಆದರೆ ಹೆಚ್ಚು ದನಿ ಬರುತ್ತಿದ್ದುದು ಅಲ್ಲೇ, ಅದೂ ನೀರಿನ ಕಡೆಯಿಂದಲ್ಲ, ಮೇಲಿನ ಪೊದೆಗಳಿಂದ. ನೀರಿಲ್ಲದೆ ಗೊದಮೊಟ್ಟೆ ಎಲ್ಲಿ ಬದುಕುತ್ತದೆ? ಲೆಕ್ಕ ತಪ್ಪಿದೆ ಎಂದೇ ಎರಡು ಪುಟಕ್ಕೆ ಗೀಟು ಹಾಕಿದೆ. ಹಿರಿಯರು ನಕ್ಕರು: 'ಅವು ನೀರು ಬೇಡದ ಕಪ್ಪೆ ಸ್ವಾಮಿ.' ಆಮೇಲೆ ಓದಿದಾಗ ತಿಳಿಯಿತು, ಪೊದೆಗಪ್ಪೆಗಳಿಗೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ. ಒದ್ದೆ ಎಲೆಯ ಮೇಲೋ ತರಗಿನ ಅಡಿಯೋ ಇಟ್ಟ ಮೊಟ್ಟೆಯೊಳಗೇ ಬೆಳೆದು, ಅಕ್ಕಿಕಾಳಿನಷ್ಟು ಮರಿಕಪ್ಪೆಯೇ ಹೊರಬರುತ್ತದೆ. ಅವಕ್ಕೆ ಹಳ್ಳ ಬೇಕಿಲ್ಲ, ತೇವ ಆರದ ಗಾಳಿ ಸಾಕು. ದಿಣ್ಣೆಯ ಆಚೆ ಬೋಳುಗುಡ್ಡದಲ್ಲಿ ಆ ದನಿ ನನಗೆ ಕೇಳದೆ, ಈಚೆ ಮರ ದಟ್ಟವಾದ ಕೂಡಲೇ ಯಾಕೆ ಶುರುವಾಗುತ್ತದೆ ಎಂಬುದಕ್ಕೆ ನಾನು ಕಂಡುಕೊಂಡ ಉತ್ತರ ಅದೇ.

ಏಳನೇ ಮೋರಿಯದು ಬೇರೆಯೇ ವೈಭವ. ಪಕ್ಕದ ಗುಂಡಿಯಲ್ಲಿ ನೀರು ನಿಂತರೆ ಅದರ ಮೇಲೆ ಬಾಗಿದ ಕೊಂಬೆಗಳಿಗೆ ಹಾರುವ ಕಪ್ಪೆಗಳು ಇಳಿದು ಬರುತ್ತವೆ. ಎಲೆಹಸಿರು ಮೈ, ಬೆರಳುಗಳ ನಡುವೆ ಕಿತ್ತಳೆಗೆಂಪು ಜಾಲಪೊರೆ. ಹೆಣ್ಣು ಹಿಂಗಾಲಿನಲ್ಲಿ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸಿ ಅದರಲ್ಲಿ ಮೊಟ್ಟೆ ಇಡುತ್ತದೆ. ಹೊರಗಿನ ನೊರೆ ಒಣಗಿ ಚಿಪ್ಪಾಗುತ್ತದೆ, ಒಳಗೆ ತಂಪು. ಗೊದಮೊಟ್ಟೆ ಬಲಿತಾಗ ನೊರೆ ಕರಗಿ, ತೊಟ್ಟಿಕ್ಕುತ್ತಾ ಗುಂಡಿಗೆ ಬೀಳುತ್ತವೆ. ನಾನು ಅದನ್ನು ಪೂರ್ತಿ ನೋಡಿದ್ದು ಒಂದೇ ಸಲ.

ಕುಣಿಯುವ ಕಪ್ಪೆಗೆ ಮಾತ್ರ ಹಗಲು ಬೇಕು. ಹರಿಯುವ ನೀರಿನ ಭೋರ್ಗರೆತದಲ್ಲಿ ದನಿ ಸಾಲದೆ, ಗಂಡು ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ ಬೀಸುತ್ತದೆ. ಈ ಗುಂಪಿನ ಒಂದು ಜಾತಿಗೆ ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರನ್ನೇ 1937ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾಯರು ಇಟ್ಟಿದ್ದಾರೆ. ನೀರ್‌ದೋಸೆಗೆ ಕೊಟ್ಟಿಗೆಹಾರದಲ್ಲಿ ಬಸ್ಸಿಳಿಯುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.

ಆನೆಯ ಭಯ ಇದ್ದೇ ಇದೆ. ಲದ್ದಿಯಿಂದ ಹಬೆ ಏಳುತ್ತಿದ್ದರೆ, ಆನೆಗೆ ಇಷ್ಟವಾದ ಬೈನೆ ಮರ ಹೊಸದಾಗಿ ಮುರಿದಿದ್ದರೆ ಆ ರಾತ್ರಿಯ ಲೆಕ್ಕ ಅಲ್ಲಿಗೇ ಬಂದ್. ಕಳೆದ ಮಳೆಗಾಲದಲ್ಲಿ ಹೀಗೆ ಆರು ಸಲ ಅರ್ಧಕ್ಕೇ ತಿರುಗಿದ್ದೇವೆ. ಎಂಟರಿಂದ ಹನ್ನೊಂದರವರೆಗಿನ ಮೋರಿಗಳ ಪುಟಗಳು ಇನ್ನೂ ಬಹುಪಾಲು ಖಾಲಿ. ಮೊನ್ನೆ ಹಿರಿಯರು ಫೋನ್ ಮಾಡಿದ್ದರು. ಮಾತಾಡಲಿಲ್ಲ, ಫೋನನ್ನು ಹಿತ್ತಲ ಬಾಗಿಲಿಗೆ ಹಿಡಿದರು. ಆ ಕಡೆಯಿಂದ ಕೇರಂ ಕಾಯಿನ್ ಸದ್ದು.