ಸೆರುಲಿನ್ ಮಾದರಿಯಲ್ಲಿ ಮದ್ದು ಪರೀಕ್ಷಿಸುವ ಬಗೆ

ತೀವ್ರ ಮೇದೋಜ್ಜೀರಕ ಉರಿಯೂತದ ರೋಗಿ ಆಸ್ಪತ್ರೆ ತಲುಪುವ ಹೊತ್ತಿಗೆ ನೋವು ಶುರುವಾಗಿ ಎಷ್ಟೋ ಗಂಟೆಯಾಗಿರುತ್ತದೆ. ಹಾಗಾಗಿ ಸೆರುಲಿನ್ ಎಂಬ ಪೆಪ್ಟೈಡ್ ಚುಚ್ಚಿ ಇಲಿಯಲ್ಲಿ ಈ ರೋಗ ಬರಿಸಿ ಮದ್ದು ಪರೀಕ್ಷಿಸುವಾಗಲೂ, ಮದ್ದನ್ನು ರೋಗ ಬಂದ ಮೇಲೇ ಕೊಡಬೇಕು. ಮೊದಲೇ ಕೊಟ್ಟರೆ ಇನ್ನೊಂದು ಮೋಸವೂ ಇದೆ. ಸೆರುಲಿನ್ ಕೆಲಸ ಮಾಡುವುದು ಕೋಲಿಸಿಸ್ಟೊಕೈನಿನ್ (ಮೇದೋಜ್ಜೀರಕದಿಂದ ಕಿಣ್ವ ಸುರಿಸುವ ಹಾರ್ಮೋನು) ಗ್ರಾಹಕದ ಮೂಲಕ. ನಿಮ್ಮ ಮದ್ದು ಆ ಗ್ರಾಹಕವನ್ನು ತಡೆದರೆ ರೋಗವೇ ಬರುವುದಿಲ್ಲ, ಗುಣವಾಯಿತೆಂದು ನೀವು ತಪ್ಪು ತಿಳಿಯುತ್ತೀರಿ.

ಮೊದಲು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಫಾರ್ಮ್ ಬಿ ಕೊಟ್ಟು ಒಪ್ಪಿಗೆ ಪಡೆಯಿರಿ. ಸಿ57ಬಿಎಲ್/6 ಎಂಬ ಪ್ರಯೋಗಾಲಯ ತಳಿಯ ಇಲಿಗಳನ್ನು ರಾತ್ರಿ ಉಪವಾಸವಿಡಿ, ನೀರು ಮಾತ್ರ ತಪ್ಪಿಸಬೇಡಿ. ಸೆರುಲಿನ್ ಪ್ರಮಾಣ ಕೆಜಿಗೆ 50 ಮೈಕ್ರೋಗ್ರಾಂ, ಹೊಟ್ಟೆಯ ಪೊರೆಯೊಳಗೆ ಗಂಟೆಗೊಮ್ಮೆ, ಒಟ್ಟು 8 ಸಲ. ಮಿಲಿಲೀಟರಿಗೆ 10 ಮೈಕ್ರೋಗ್ರಾಂ ದ್ರಾವಣವಾದರೆ 25 ಗ್ರಾಂ ಇಲಿಗೆ 0.125 ಮಿಲಿ ಸಾಕು. ತೆಳು ಮಾಡಿದರೆ ಎಂಟು ಚುಚ್ಚುಮದ್ದಿನ ಸಲೈನ್ ಸೇರಿ ಅದೇ ಒಂದು ಚಿಕಿತ್ಸೆಯಾಗಿಬಿಡುತ್ತದೆ. ಪುಡಿಯನ್ನು ಒಮ್ಮೆ ಕರಗಿಸಿ ಸಣ್ಣ ಪಾಲು ಮಾಡಿ ಫ್ರೀಜ್ ಮಾಡಿ. ಮತ್ತೆ ಮತ್ತೆ ಕರಗಿಸಿದ ಪೆಪ್ಟೈಡ್ ನಂಬಬೇಡಿ.

ಮದ್ದನ್ನು ಸೆರುಲಿನ್‌ನ ಮೂರನೇ ಚುಚ್ಚುಮದ್ದಿನ ನಂತರ ಕೊಡಿ. ಆ ಹೊತ್ತಿಗೆ ರೋಗ ಬಂದಿದೆಯೇ ಎಂದು ಬೇರೆ ಮೂರ್ನಾಲ್ಕು ಇಲಿಗಳ ಸೀರಂ ಅಮೈಲೇಸ್ (ರೋಗ ಬಂದಾಗ ರಕ್ತದಲ್ಲಿ ಏರುವ ಮೇದೋಜ್ಜೀರಕದ ಕಿಣ್ವ) ನೋಡಿ ಖಚಿತಪಡಿಸಿಕೊಳ್ಳಿ. ಮದ್ದೂ ಸೆರುಲಿನ್ನೂ ಒಂದೇ ಜಾಗದಲ್ಲಿ ಬೆರೆಯದಂತೆ ಬೇರೆ ಮಾರ್ಗ ಆರಿಸಿ. ಬಾಯಿಯ ಮೂಲಕವಾದರೆ ಎಚ್ಚರ: ಸೆರುಲಿನ್ ಹೊಟ್ಟೆ ಖಾಲಿಯಾಗುವುದನ್ನೇ ನಿಧಾನಿಸುತ್ತದೆ, ಮದ್ದು ರಕ್ತಕ್ಕೆ ತಡವಾಗಿ ಸೇರುತ್ತದೆ. ರಕ್ತದಲ್ಲಿ ಅದರ ಮಟ್ಟ ಅಳೆಯದೆ "ಪರಿಣಾಮವಿಲ್ಲ" ಎನ್ನಬೇಡಿ.

ನೋವು ನಿವಾರಣೆ ಐಚ್ಛಿಕವಲ್ಲ. ಬುಪ್ರೆನಾರ್ಫಿನ್ ಕೆಜಿಗೆ 0.05ರಿಂದ 0.1 ಮಿಗ್ರಾಂ, ಚರ್ಮದಡಿಯಲ್ಲಿ, ಸಲೈನ್ ಮಾತ್ರ ಪಡೆದ ಗುಂಪಿಗೂ ಅಷ್ಟೇ. ಒಂದೇ ಗುಂಪಿಗೆ ಕೊಟ್ಟರೆ ಹೋಲಿಕೆಯೇ ಕೆಡುತ್ತದೆ.

ಕೊನೆಯ ಚುಚ್ಚುಮದ್ದಾದ ಒಂದು ಗಂಟೆಗೆ ಒಂದು ಗುಂಪಿನ, 24ನೇ ಗಂಟೆಗೆ ಇನ್ನೊಂದರ ಇಲಿಗಳನ್ನು ನೋವಿಲ್ಲದೆ ಕೊಂದು ಮೇದೋಜ್ಜೀರಕ ತೆಗೆಯಿರಿ. ಊದಿದ ಗ್ರಂಥಿ ಗುಲ್ಮದ ಬಳಿ ಬೆಳ್ಳಗೆ, ಜೆಲ್ಲಿಯಂತೆ ತೇವವಾಗಿ ಕಾಣುತ್ತದೆ. ಅಂಚು ಹಿಡಿದು ಎತ್ತಿ, ಚಿಮಟದಿಂದ ಹಿಸುಕಬೇಡಿ. ತನ್ನ ಕಿಣ್ವಗಳೇ ಅದನ್ನು ಜೀರ್ಣಿಸತೊಡಗುವುದರಿಂದ, ಒಂದೆರಡು ನಿಮಿಷದೊಳಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಹಾಕಿ. ತಡವಾದ ತುಂಡಿನಲ್ಲಿ ಕಾಣುವ ಜೀವಕೋಶ ನಾಶ ರೋಗದ್ದೋ ನಿಮ್ಮದೋ ಹೇಳಲಾಗದು. ಊತ, ಬಿಳಿರಕ್ತಕಣಗಳ ಒಳನುಗ್ಗುವಿಕೆ, ಜೀವಕೋಶ ನಾಶಕ್ಕೆ ಅಂಕ ಕೊಡುವವರಿಗೆ ಗುಂಪು ಗೊತ್ತಿರಬಾರದು, ಸ್ಲೈಡಿನ ಮೇಲೆ ಕೋಡ್ ಮಾತ್ರ ಇರಲಿ. ಅಮೈಲೇಸ್ ಯಂತ್ರದ ಮಿತಿ ದಾಟುತ್ತದೆ. ದುರ್ಬಲಗೊಳಿಸಿ ಮತ್ತೆ ಓದಿ.

ಈ ಮಾದರಿ ಸೌಮ್ಯ, ಕೆಲವೇ ದಿನಗಳಲ್ಲಿ ತಾನಾಗಿ ವಾಸಿಯಾಗುತ್ತದೆ. ಇದರಲ್ಲಿ ಗೆದ್ದ ಮದ್ದನ್ನು ಎಲ್-ಆರ್ಜಿನಿನ್ ಎಂಬ ಅಮೈನೋ ಆಮ್ಲದಿಂದ ಹೆಚ್ಚು ತೀವ್ರ ರೋಗ ಬರಿಸುವ ಮಾದರಿಯಲ್ಲೂ ನೋಡಿ: ಕೆಜಿಗೆ 4 ಗ್ರಾಂ, ಗಂಟೆಯ ಅಂತರದಲ್ಲಿ ಎರಡು ಸಲ, ಪಿಎಚ್ 7ರಷ್ಟಕ್ಕೆ ಸರಿಪಡಿಸಿ. 72ನೇ ಗಂಟೆಗೆ ಅಲ್ಲಿ ಅಮೈಲೇಸ್ ಇಳಿದಿದ್ದರೆ ಹಿಗ್ಗಬೇಡಿ, ಅದನ್ನು ತಯಾರಿಸುವ ಜೀವಕೋಶಗಳೇ ಸತ್ತಿರಬಹುದು. ಸ್ಲೈಡ್ ನೋಡಿ ನಿರ್ಧರಿಸಿ.