408 ಬಾಟಲಿಗೆ 50 ಸ್ಯಾಂಪಲ್: ಲಾಟ್ ಪರೀಕ್ಷೆ ಸರಿಯಾಗಿ ಮಾಡುವುದು ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಯಲ್ಲೇ ಮಾಡಿ ಪ್ಯಾಕ್ ಮಾಡುವ ಮಾಲು ಕಮ್ಮಿ ಇಲ್ಲ. ಮುರುಗಲು ಶರಬತ್ತು, ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿ ಬೆಲ್ಲ ಹೀಗೆ. ಮಾಲು ಚೆನ್ನಾಗಿಯೇ ಇರುತ್ತದೆ. ಆದರೆ ಹುಬ್ಬಳ್ಳಿಗೋ ಬೆಂಗಳೂರಿಗೋ ಕಳಿಸುವ ಮುಂಚೆ ಲಾಟ್ ಚೆಕ್ ಮಾಡಿದಿರಾ ಎಂದು ಕೇಳಿದರೆ, "ಮೇಲಿನ ಬಾಕ್ಸ್ ಒಡೆದು ನೋಡಿದ್ದೇವೆ, ಅಡ್ಡಿಲ್ಲ" ಎಂಬ ಉತ್ತರ ಬರುತ್ತದೆ. ಈ ಉತ್ತರ ಕೇಳಿ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ನಿಜ. ಆ ಪಾತ್ರೆಯ ಅಗುಳೆಲ್ಲ ಒಂದೇ ನೀರಲ್ಲಿ, ಒಂದೇ ಬೆಂಕಿಯಲ್ಲಿ ಬೆಂದಿರುತ್ತವೆ. ಬಾಟಲಿಗಳು ಹಾಗಲ್ಲ. ಬೆಳಿಗ್ಗೆ ಮುಚ್ಚಳ ಹಾಕಿದವರು ಒಬ್ಬರು, ಮಧ್ಯಾಹ್ನ ಇನ್ನೊಬ್ಬರು. ಮಳೆಗಾಲದಲ್ಲಿ ಗೋಡೆಗೆ ತಾಗಿದ, ನೆಲಕ್ಕೆ ಹತ್ತಿರದ ಬಾಕ್ಸ್ ತೇವ ಹೀರಿ ಮೆತ್ತಗಾಗುತ್ತದೆ, ಒಳಗಿನ ಲೇಬಲ್ ಏಳುತ್ತದೆ. ಮೇಲಿನ ಬಾಕ್ಸ್ ಮಾತ್ರ ಗರಿಗರಿ. ನೀವು ಒಡೆದದ್ದು ಅದನ್ನೇ.

ಉದಾಹರಣೆಗೆ ಒಂದು ಲಾಟ್ ಇಟ್ಟುಕೊಳ್ಳೋಣ: ಮುರುಗಲು ಶರಬತ್ತಿನ ಅರ್ಧ ಲೀಟರ್ ಬಾಟಲಿ, ಬಾಕ್ಸಿಗೆ 12, ಒಟ್ಟು 34 ಬಾಕ್ಸ್. ಅಂದರೆ 408 ಬಾಟಲಿ.

ಮೊದಲು, ಲಾಟ್ ಯಾವುದು ಎಂದು ಗೆರೆ ಎಳೆಯಿರಿ

ಒಂದೇ ದಿನ, ಒಂದೇ ಕಾಯಿಸುವಿಕೆ, ಒಂದೇ ಕಂಪನಿಯ ಮುಚ್ಚಳ. ಇದು ಒಂದು ಲಾಟ್. ಎರಡು ದಿನದ ಮಾಲನ್ನು ಒಟ್ಟಿಗೆ ಪೇರಿಸಿ ಒಂದೇ ಬ್ಯಾಚ್ ನಂಬರ್ ಒತ್ತಬೇಡಿ. ಒಂದು ದಿನದ ಮಾಲು ಕೆಟ್ಟರೆ ಒಳ್ಳೆಯದನ್ನೂ ವಾಪಸ್ ತರಿಸಬೇಕಾಗುತ್ತದೆ.

ಎರಡನೆಯದು, ದೋಷ ಅಂದರೆ ಏನು ಎಂದು ಮೊದಲೇ ಬರೆದಿಡಿ

ಮೂರು ಪಟ್ಟಿ ಸಾಕು. ಜೀವಕ್ಕೆ ಅಪಾಯ ತರುವಂಥದ್ದು: ಗಾಜಿನ ಚೂರು, ಒಡೆದ ಬಾಯಿ. ದೊಡ್ಡ ದೋಷ: ಮುಚ್ಚಳ ಸಡಿಲ, ಒಳಗೆ ನೊರೆ, ಬ್ಯಾಚ್ ನಂಬರ್ ಅಥವಾ ದಿನಾಂಕ ಇಲ್ಲ. ಸಣ್ಣ ದೋಷ: ಲೇಬಲ್ ಓರೆ, ಹೊರಗೆ ಅಂಟು. ಮೊದಲ ಪಟ್ಟಿಗೆ ಸ್ಯಾಂಪಲ್ ಲೆಕ್ಕ ಹಾಕಲೇಬೇಡಿ. ಗಾಜಿನ ಚೂರಿಗಾಗಿ ಎಲ್ಲಾ 408 ಬಾಟಲಿಯನ್ನೂ ದೀಪದ ಎದುರು ಹಿಡಿದು ನೋಡಬೇಕು.

ಎಷ್ಟು ತೆಗೆಯಬೇಕು?

ಇದನ್ನು ನಾವು ಕುಳಿತು ಯೋಚಿಸಬೇಕಾಗಿಲ್ಲ. ಅಮೆರಿಕದ ಬೆಲ್ ಟೆಲಿಫೋನ್ ಲ್ಯಾಬೊರೇಟರಿಯಲ್ಲಿ ಹೆರಾಲ್ಡ್ ಡಾಡ್ಜ್ ಮತ್ತು ಹ್ಯಾರಿ ರೋಮಿಗ್ 1920ರ ದಶಕದಲ್ಲೇ, ಎಷ್ಟು ಮಾಲಿಗೆ ಎಷ್ಟು ಸ್ಯಾಂಪಲ್ ಎಂದು ಹೇಳುವ ಕೋಷ್ಟಕಗಳ ಕೆಲಸ ಶುರು ಮಾಡಿದರು. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 2500 ಎಂಬ ಸ್ಯಾಂಪಲ್ ಮಾನಕ ಇದೆ. ಅದರಲ್ಲಿ 281ರಿಂದ 500ರ ಒಳಗಿನ ಲಾಟಿಗೆ, ಸಾಮಾನ್ಯ ಮಟ್ಟದ ತಪಾಸಣೆಯಲ್ಲಿ, ಸ್ಯಾಂಪಲ್ 50. ಎಕ್ಯೂಎಲ್, ಅಂದರೆ ನೂರಕ್ಕೆ ಎಷ್ಟು ದೋಷದ ತನಕ ಒಪ್ಪಬಹುದು ಎಂಬ ಮಿತಿಯನ್ನು, ದೊಡ್ಡ ದೋಷಕ್ಕೆ 2.5, ಸಣ್ಣದಕ್ಕೆ 4 ಎಂದು ಹಿಡಿಯಿರಿ. ಆಗ 50ರಲ್ಲಿ ದೊಡ್ಡ ದೋಷ 3ರ ತನಕ ಇದ್ದರೆ ಲಾಟ್ ಪಾಸ್, 4 ಸಿಕ್ಕರೆ ಫೇಲ್. ಸಣ್ಣ ದೋಷ 5ರ ತನಕ ಪಾಸ್, 6ಕ್ಕೆ ಫೇಲ್.

"ಹತ್ತು ಪರ್ಸೆಂಟ್ ನೋಡಿದರಾಯ್ತು" ಎನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಕೇಳಲು ನ್ಯಾಯ ಅನಿಸುತ್ತದೆ, ಅಷ್ಟೇ. 100 ಬಾಟಲಿಯ ಲಾಟಿನಲ್ಲಿ 5 ಕೆಟ್ಟಿವೆ ಅನ್ನಿ. 10 ತೆಗೆದು ನೋಡಿದರೆ, ಒಂದೂ ಕೆಟ್ಟದ್ದು ಕೈಗೆ ಸಿಗದೆ ಹೋಗುವ ಸಂಭವ ನೂರಕ್ಕೆ 58. ಅದೇ 1000ದ ಲಾಟಿನಲ್ಲಿ 50 ಕೆಟ್ಟಿದ್ದು, 100 ತೆಗೆದರೆ, ಆ ಸಂಭವ ನೂರಕ್ಕೆ ಒಂದೂ ಇಲ್ಲ. ಎರಡೂ ಕಡೆ ಹತ್ತೇ ಪರ್ಸೆಂಟ್, ಅಲ್ವಾ? ರಕ್ಷಣೆ ಕೊಡುವುದು ಪರ್ಸೆಂಟ್ ಅಲ್ಲ, ಎಷ್ಟು ಬಾಟಲಿ ನೋಡಿದಿರಿ ಎಂಬ ಸಂಖ್ಯೆ.

50ರಲ್ಲಿ 3ರ ಯೋಜನೆಗೂ ಮಿತಿ ಇದೆ, ಅದನ್ನು ತಿಳಿದುಕೊಂಡೇ ಬಳಸಿ. ಲಾಟಿನಲ್ಲಿ ನೂರಕ್ಕೆ ಎರಡೂವರೆ ದೋಷ ಇದ್ದರೆ ನೂರರಲ್ಲಿ 96ಕ್ಕಿಂತ ಜಾಸ್ತಿ ಸಲ ಪಾಸಾಗುತ್ತದೆ. ನೂರಕ್ಕೆ 10 ದೋಷ ಇದ್ದರೂ ಸುಮಾರು ನಾಲ್ಕರಲ್ಲಿ ಒಂದು ಸಲ ತಪ್ಪಿಸಿಕೊಂಡು ಹೋಗುತ್ತದೆ. ನೂರಕ್ಕೆ 15 ಆದರೆ ಮಾತ್ರ ತಪ್ಪಿಸಿಕೊಳ್ಳುವುದು ಬಹಳ ಅಪರೂಪ.

ಈಗ ಆರಿಸುವುದು. ಎಲ್ಲರೂ ಎಡವುವುದು ಇಲ್ಲೇ

ಮೇಲೆ ಹೇಳಿದ ಲೆಕ್ಕವೆಲ್ಲ ನಿಂತಿರುವುದು ಒಂದೇ ಷರತ್ತಿನ ಮೇಲೆ. ಲಾಟಿನ ಪ್ರತಿಯೊಂದು ಬಾಟಲಿಗೂ ಆರಿಸಿ ಬರುವ ಅವಕಾಶ ಸಮವಾಗಿರಬೇಕು. ಕೈಗೆ ಬಂದದ್ದನ್ನು ಎತ್ತಿದರೆ ಅದು ಆಗುವುದಿಲ್ಲ. ಕೈ ಯಾವಾಗಲೂ ಬಾಗಿಲ ಬಳಿಯ ಬಾಕ್ಸಿಗೆ, ಬಾಕ್ಸಿನ ಮೂಲೆಯ ಬಾಟಲಿಗೆ ಹೋಗುತ್ತದೆ. ಕೆಲವರು ಅನುಮಾನ ಬಂದದ್ದನ್ನೇ ಎತ್ತುತ್ತಾರೆ. ಅದು ಪ್ರಾಮಾಣಿಕತೆ ಅನಿಸಿದರೂ ಲೆಕ್ಕ ಕೆಡುತ್ತದೆ. ಕಣ್ಣಿಗೆ ಬಿದ್ದ ಕೆಟ್ಟ ಬಾಟಲಿಯನ್ನು ಬೇರೆ ತೆಗೆದಿಟ್ಟು ಗುರುತು ಹಾಕಿ, 50ರ ಲೆಕ್ಕಕ್ಕೆ ಸೇರಿಸಬೇಡಿ.

ಸರಿಯಾದ ಕ್ರಮ ಹೀಗೆ. 34 ಬಾಕ್ಸಿಗೂ ಮಾರ್ಕರ್ ಪೆನ್ನಿನಲ್ಲಿ 1ರಿಂದ 34 ಬರೆಯಿರಿ. ಬಾಕ್ಸಿನೊಳಗೆ ಎಡ ಮೇಲಿನ ಮೂಲೆಯಿಂದ ಸಾಲಾಗಿ 1ರಿಂದ 12 ಎಂದು ಎಣಿಸುವುದು ಎಂದು ಎಲ್ಲರೂ ಒಪ್ಪಿಕೊಳ್ಳಿ. ಈಗ ಪ್ರತಿ ಬಾಟಲಿಗೂ 1ರಿಂದ 408ರೊಳಗೆ ಒಂದು ನಂಬರ್ ಸಿಕ್ಕಿತು. ಮೊಬೈಲಿನಲ್ಲಿ ರ‍್ಯಾಂಡಮ್ ನಂಬರ್ ಎಂದು ಹುಡುಕಿದರೆ 1ರಿಂದ 408ರ ನಡುವೆ ಸಂಖ್ಯೆ ಕೊಡುವ ಸಾಧನ ಪುಕ್ಕಟೆ ಸಿಗುತ್ತದೆ. ಬಂದದ್ದನ್ನು ಪುಸ್ತಕದಲ್ಲಿ ಬರೆಯುತ್ತಾ ಹೋಗಿ. ಒಮ್ಮೆ ಬಂದ ನಂಬರ್ ಮತ್ತೆ ಬಂದರೆ ಬಿಟ್ಟುಬಿಡಿ. 50 ಆಗುವ ತನಕ ನಿಲ್ಲಿಸಬೇಡಿ. ಮನಸ್ಸಿಗೆ ತೋಚಿದ ನಂಬರ್ ಬರೆಯುವುದು ಮಾತ್ರ ಬೇಡವೇ ಬೇಡ. ಮನಸ್ಸು ಒಂದು ಮೂಲೆಯನ್ನು ಬಿಟ್ಟು ಇನ್ನೊಂದರ ಸುತ್ತವೇ ಸುತ್ತುತ್ತದೆ. ನೆಟ್‌ವರ್ಕ್ ಸಿಗದ ಊರಾದರೆ ಚೀಟಿ ಮಾಡಿ ಎತ್ತಿ, ಅದೂ ಸರಿಯೇ. ಆದರೆ ಚೀಟಿಗಳನ್ನು ಚೆನ್ನಾಗಿ ಕಲಸಿ, ಒಂದೇ ಅಳತೆಗೆ ಮಡಚಿ.

ನಂಬರಿನಿಂದ ಬಾಟಲಿ ಹುಡುಕುವುದು ಹೇಗೆ? 137 ಬಂತು ಅನ್ನಿ. 12ರಿಂದ ಭಾಗಿಸಿ. 11 ಬಾಕ್ಸಿಗೆ 132, ಉಳಿದದ್ದು 5. ಅಂದರೆ 12ನೇ ಬಾಕ್ಸಿನ 5ನೇ ಬಾಟಲಿ. 144 ಬಂದರೆ ಶೇಷ ಸೊನ್ನೆ. ಆಗ ಹದಿಮೂರನೇ ಬಾಕ್ಸಿಗೆ ಹೋಗಬಾರದು, 12ನೇ ಬಾಕ್ಸಿನ ಕೊನೆಯ ಬಾಟಲಿಯೇ ಅದು. ಈ ಶೇಷ ಸೊನ್ನೆಯಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಹೊರಡುವ ಮುಂಚೆಯೇ ಪುಸ್ತಕದಲ್ಲಿ ಪ್ರತಿ ನಂಬರಿನ ಮುಂದೆ ಬಾಕ್ಸ್ ಮತ್ತು ಬಾಟಲಿ ಬರೆದುಕೊಂಡರೆ ಒಬ್ಬರು ಓದುತ್ತಾ ಇನ್ನೊಬ್ಬರು ಎತ್ತಬಹುದು. ಆ ಬಾಕ್ಸ್ ತಳದಲ್ಲಿದ್ದರೆ ಮೇಲಿನವನ್ನೆಲ್ಲ ಇಳಿಸಲೇಬೇಕು. "ಪಕ್ಕದ್ದನ್ನೇ ನೋಡೋಣ" ಅಂದರೆ ತೇವ ಹೀರಿದ ಬಾಕ್ಸೇ ತಪ್ಪಿಹೋಗುತ್ತದೆ.

ಬಾಕ್ಸ್ ಇಳಿಸುವುದು ಕಷ್ಟ ಎನ್ನುವವರು ತುಂಬುವಾಗಲೇ ಸ್ಯಾಂಪಲ್ ತೆಗೆಯುತ್ತಾರೆ. ಮೊದಲ 8ರಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ 8ನೇ ಬಾಟಲಿ. ಸುಲಭವಾದ ಕ್ರಮವೇ. ಆದರೆ ನಿಮ್ಮ ತುಂಬುವ ಯಂತ್ರಕ್ಕೆ 4 ನಳಿಗೆ ಇದ್ದರೆ, ಪ್ರತಿ 8ನೇ ಬಾಟಲಿ ಬರುವುದು ಯಾವಾಗಲೂ ಒಂದೇ ನಳಿಗೆಯಿಂದ! ಉಳಿದ ಮೂರರಲ್ಲಿ ಒಂದು ಕಮ್ಮಿ ತುಂಬುತ್ತಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಆಗ 7ರ ಲೆಕ್ಕ ಹಿಡಿಯಿರಿ, ನಾಲ್ಕೂ ನಳಿಗೆಯ ಸರದಿ ಬರುತ್ತದೆ. 58 ಅಥವಾ 59 ಬಾಟಲಿ ಸಿಗುತ್ತದೆ. ಜಾಸ್ತಿಯಾದದ್ದನ್ನು ಚೀಟಿ ಎತ್ತಿಯೇ ಕೈಬಿಡಿ. ಆದರೂ ನನ್ನ ಮತ ಪೇರಿಸಿದ ಮೇಲೆ ನಂಬರ್ ಹಾಕಿ ತೆಗೆಯುವುದಕ್ಕೇ. ಉಗ್ರಾಣದ ತೇವ ತುಂಬುವಾಗ ಕಾಣಿಸುವುದಿಲ್ಲ.

ಚೀಲದ ಮಾಲಿಗೆ ಬೇರೆ ಕ್ರಮ. ಕಾಳುಮೆಣಸು, ಅಡಿಕೆಗೆ ನಂಬರ್ ಹಾಕಲು ಆಗುವುದಿಲ್ಲ. ಚೀಲಗಳನ್ನು ಚೀಟಿ ಎತ್ತಿ ಆರಿಸಿ. ಆರಿಸಿದ ಚೀಲದ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆಯಿಂದ ತೆಗೆಯಿರಿ, ಯಾಕೆಂದರೆ ಸಾಗಣೆಯಲ್ಲಿ ದೂಳು, ಸಣ್ಣ ಚೂರು ತಳಕ್ಕೆ ಇಳಿಯುತ್ತದೆ. ಎಲ್ಲವನ್ನೂ ಹಾಸಿದ ಬಟ್ಟೆಯ ಮೇಲೆ ಕಲಸಿ ರಾಶಿ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಉಳಿಸಿಕೊಳ್ಳಿ. ಬೇಕಾದಷ್ಟು ಚಿಕ್ಕದಾಗುವ ತನಕ ಹೀಗೇ ಮಾಡಿ.

ನೋಡುವುದು

ಬೆಳಕಿರುವ ಕಡೆ, ಪಟ್ಟಿ ಎದುರಿಟ್ಟುಕೊಂಡು, ಒಂದೊಂದಾಗಿ. ಮುಚ್ಚಳ ತಿರುಗಿಸಿ ನೋಡಿ, ಬಾಟಲಿ ತಲೆಕೆಳಗು ಮಾಡಿ ಸೋರುತ್ತದಾ ನೋಡಿ. ರುಚಿ, ಅಳತೆ ನೋಡಲು ಬಾಟಲಿ ತೆರೆಯಲೇಬೇಕಲ್ಲ, ಅದಕ್ಕೆ ಮೊದಲು ಬಂದ 5 ನಂಬರ್ ಸಾಕು. ಅಳತೆಗೆ ಸಿಲಿಂಡರಿಗೆ ಸುರಿಯಿರಿ. ತುಂಬಿದ ಗಾಜಿನ ಬಾಟಲಿ ತೂಗಿ ಪ್ರಯೋಜನವಿಲ್ಲ, ಗಾಜಿನ ತೂಕವೇ ಬಾಟಲಿಯಿಂದ ಬಾಟಲಿಗೆ ಬೇರೆ. ತೂಕ-ಅಳತೆ ಇಲಾಖೆಯ ಮುದ್ರೆ ಇಲ್ಲದ ಅಗ್ಗದ ಅಡುಗೆಮನೆ ತಕ್ಕಡಿಯನ್ನಂತೂ ಈ ಕೆಲಸಕ್ಕೆ ತರಲೇಬೇಡಿ.

ತೀರ್ಮಾನ

ದೊಡ್ಡ ದೋಷ 4 ಸಿಕ್ಕಿತು. ಆಗ ಮಾಡುವ ತಪ್ಪು ಒಂದೇ: "ಇನ್ನೊಂದು 50 ತೆಗೆದು ನೋಡೋಣ." ಪಾಸಾಗುವ ತನಕ ತೆಗೆಯುತ್ತಾ ಹೋದರೆ ಎಂಥ ಲಾಟೂ ಕೊನೆಗೆ ಪಾಸಾಗುತ್ತದೆ. ಎರಡು ಸಲ ತೆಗೆಯುವ ಯೋಜನೆಯೂ ಇದೆ, ಆದರೆ ಅದರ ಸಂಖ್ಯೆಗಳೇ ಬೇರೆ, ಅದನ್ನು ಶುರುವಿನಲ್ಲೇ ಆರಿಸಿಕೊಂಡಿರಬೇಕು. ಫೇಲಾದ ಲಾಟನ್ನು ಪೂರ್ತಿ ಬಿಚ್ಚಿ, 408ನ್ನೂ ನೋಡಿ, ಕೆಟ್ಟದ್ದನ್ನು ತೆಗೆದು, ಹೊಸ ನಂಬರ್ ಎತ್ತಿ ಮತ್ತೆ ಪರೀಕ್ಷೆ ಮಾಡಿ. 3 ಸಿಕ್ಕಿ ಪಾಸಾದರೂ ಆ ಮೂರು ಬಾಟಲಿ ಅಂಗಡಿಗೆ ಹೋಗಬಾರದು.

ಪ್ರತಿ ಲಾಟಿನ ಫಲಿತಾಂಶ ಒಂದೇ ಪುಸ್ತಕದಲ್ಲಿ ಇರಲಿ. ಸತತ ಐದು ಲಾಟಿನೊಳಗೆ ಎರಡು ಫೇಲಾದರೆ ಬಿಗಿ ತಪಾಸಣೆಗೆ ಹೋಗಬೇಕು: ಸ್ಯಾಂಪಲ್ 50 ಹಾಗೇ ಇರುತ್ತದೆ, ಆದರೆ ದೊಡ್ಡ ದೋಷ 2ಕ್ಕೆ ಪಾಸ್, 3ಕ್ಕೆ ಫೇಲ್. ಸತತ ಐದು ಲಾಟ್ ಪಾಸಾದ ಮೇಲೆ ಹಳೆಯ ಲೆಕ್ಕಕ್ಕೆ ಮರಳಬಹುದು. ಬಿಗಿ ತಪಾಸಣೆಯಲ್ಲೂ ಐದು ಲಾಟ್ ಫೇಲಾದರೆ ಮಾಲು ಕಳಿಸುವುದನ್ನೇ ನಿಲ್ಲಿಸಿ, ಮುಚ್ಚಳ ಕೊಡುವವರನ್ನು, ಲೇಬಲ್ ಅಂಟನ್ನು, ನಳಿಗೆಯನ್ನು ಒಂದೊಂದಾಗಿ ನೋಡಿ.