ಗುಂಡು ಹಾರಿಸದ ಕಮಾಂಡೋ: ಮೆದು ರೊಮ್ಯಾಂಟಿಕ್ ಸಸ್ಪೆನ್ಸ್ ಬರೆದ ನನ್ನ ಅನುಭವ

ನನ್ನ ಮೂರನೇ ಕಾದಂಬರಿ ಹಾಕಿದ ದುಡ್ಡನ್ನು ವಾಪಸ್ ತಂದಿತು. ಹಿಂದಿನ ಎರಡು ಪುಸ್ತಕಗಳ ನಷ್ಟವನ್ನೂ ತುಂಬಿತು. ಸೈನಿಕ ನಾಯಕ, ಪ್ರೇಮ, ಅಪಾಯ ಮೂರೂ ಇದ್ದು, ಮಲಗುವ ಕೋಣೆಯ ಬಾಗಿಲು ಮುಚ್ಚಿರುವ, ರಕ್ತಪಾತ ತೋರಿಸದ ಕಥೆ ಓಡಲ್ಲ ಅಂತ ಇದೇ ಬಗೆಯ ಕಥೆ ಬರೆಯುವವರು ಹೇಳಿದ್ದರು. ‘ಕಮಾಂಡೋ ಕೈಗೆ ಬಂದೂಕು ಕೊಡದೆ ಇನ್ನೇನು ಕೊಡ್ತೀರಿ?’ ಅಂತ ಒಬ್ಬರು ಕೇಳಿದ್ದರು. ಏನು ಕೊಟ್ಟೆ ಅನ್ನೋದನ್ನು ಇಲ್ಲಿ ಬರೆಯುತ್ತೇನೆ. ನೀವೂ ಬರೆಯುವವರೇ, ಕರಡು ತಿದ್ದುವ ಪಾಠ ನಿಮಗೆ ಬೇಕಿಲ್ಲ.

ಮೊದಲ ಪುಸ್ತಕದ ಮೂರನೇ ಒಂದು ಭಾಗ ಬರೀ ಗುಂಡಿನ ಕಾಳಗ. ಹಸ್ತಪ್ರತಿಯನ್ನು ಹತ್ತಾರು ಜನರಿಗೆ ಕೊಟ್ಟು, ಎಲ್ಲಿ ಓದು ನಿಲ್ಲಿಸಿದಿರೋ ಅಲ್ಲಿ ಪೆನ್ಸಿಲ್ ಗೆರೆ ಹಾಕಿ ಅಂದಿದ್ದೆ. ಹೆಚ್ಚಿನ ಗೆರೆಗಳು ಬಿದ್ದಿದ್ದು ಕಾಳಗದ ನಡುವೆ! ‘ಅವನು ಸಾಯಲ್ಲ ಅಂತ ಗೊತ್ತಲ್ವಾ, ಸುಮ್ನೆ ಪುಟ ತಿರುಗಿಸಿದೆ’ ಅಂದರು ಒಬ್ಬರು. ಆ ಒಂದು ಮಾತಿನ ಮೇಲೆ ನನ್ನ ಇಡೀ ವಿಧಾನ ನಿಂತಿದೆ. ಪ್ರೇಮಕಥೆ ಅಂದಮೇಲೆ ಕೊನೆ ಸುಖವಾಗಿರಬೇಕು, ಓದುಗರು ಆ ಭರವಸೆಯಿಂದಲೇ ಪುಸ್ತಕ ಕೊಳ್ಳುತ್ತಾರೆ. ಹಾಗಿರುವಾಗ ‘ಬದುಕುತ್ತಾನಾ?’ ಅನ್ನೋ ಪ್ರಶ್ನೆಯಲ್ಲಿ ಕುತೂಹಲ ಎಲ್ಲಿಂದ ಬರಬೇಕು?

ಎರಡನೆಯದರಲ್ಲಿ ಕಾಳಗ ತೆಗೆದೆ. ಅದರ ಜೊತೆ ಅಪಾಯವೂ ಹೋಯಿತು. ಸಸ್ಪೆನ್ಸ್ ಬೇಕು ಅಂತ ಕೊಂಡವರು ಬೈದರು. ಜಾಹೀರಾತಿಗೆ ಹಾಕಿದ ದುಡ್ಡಿನ ಕಾಲು ಭಾಗವೂ ಬರಲಿಲ್ಲ.

ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದು ನಿಮಗೆಲ್ಲ ಗೊತ್ತು: ಮೇಜಿನ ಕೆಳಗೆ ಬಾಂಬ್ ಇದೆ ಅಂತ ನೋಡುವವರಿಗೆ ಮೊದಲೇ ತಿಳಿದಿದ್ದರೆ 15 ನಿಮಿಷದ ಸಸ್ಪೆನ್ಸ್, ತಿಳಿಯದಿದ್ದರೆ 15 ಸೆಕೆಂಡಿನ ಅಚ್ಚರಿ. ಇದನ್ನು ಪ್ರೇಮಕ್ಕೆ ಹೊಂದಿಸೋದು ಸುಲಭವಲ್ಲ. ನಾಯಕನಿಗೆ ಗೊತ್ತು, ನಾಯಕಿಗೆ ಗೊತ್ತಿಲ್ಲ ಅಂತ ಇಟ್ಟರೆ ಅವಳು ಪೆದ್ದಿಯಾಗುತ್ತಾಳೆ. ಮೂರನೆಯದರಲ್ಲಿ ಹೀಗೆ ಮಾಡಿದೆ. ಒಂದೇ ಕಾರು ಎರಡು ಸಲ ಮನೆ ಮುಂದೆ ಹೋಗಿದ್ದನ್ನು ಅವನು ನೋಡುತ್ತಾನೆ. ಅವಳು ಹೆದರಬಾರದು ಅಂತ ಬಾಯಿ ಬಿಡಲ್ಲ. ಏಳನೇ ಅಧ್ಯಾಯದ ಹೊತ್ತಿಗೆ ಓದುಗರಿಗೆ ತಿಳಿಯುತ್ತದೆ, ಅವಳು ಅದನ್ನು ಅವನಿಗಿಂತ ಮೊದಲೇ ನೋಡಿದ್ದಳು. ಅವನು ಒಂದು ರಾತ್ರಿಯಾದರೂ ನಿದ್ದೆ ಮಾಡಲಿ ಅಂತ ಅವಳೂ ಸುಮ್ಮನಿದ್ದಳು. ಇಬ್ಬರಲ್ಲಿ ಯಾರು ಮೊದಲು ಬಾಯಿ ಬಿಡುತ್ತಾರೆ ಅನ್ನೋದರ ಮೇಲೆ ಸುಮಾರು ನೂರು ಪುಟ ನಡೆದವು.

ಸೈನಿಕ ನಾಯಕನನ್ನು ಜನ ಮೆಚ್ಚೋದು ಅವನು ಹೊಡೆಯುತ್ತಾನೆ ಅಂತಲ್ಲ. ಹೊಡೆಯುವ ಶಕ್ತಿ ಇದ್ದೂ ತಡೆದುಕೊಳ್ಳುತ್ತಾನೆ, ಬೇರೆಯವರ ಕಣ್ಣಿಗೆ ಬೀಳದ್ದನ್ನು ಗಮನಿಸುತ್ತಾನೆ, ಅದಕ್ಕೆ. ಮರೆ ಬೇರೆ, ರಕ್ಷಣೆ ಬೇರೆ ಅಂತ ಸೈನ್ಯದಲ್ಲಿ ಕಲಿಸುತ್ತಾರೆ. ಸೋಫಾದ ಹಿಂದೆ ಕೂತರೆ ಕಾಣಿಸಲ್ಲ, ಆದರೆ ಗುಂಡು ಸೋಫಾವನ್ನು ತೂರಿ ಬರುತ್ತದೆ. ನನ್ನ ನಾಯಕ ಒಂದು ಸಂಜೆ ಅವಳ ಕುರ್ಚಿಯನ್ನು ಕಿಟಕಿಯಿಂದ ಎತ್ತಿ ದಪ್ಪ ಕಲ್ಲಿನ ಗೋಡೆಯ ಪಕ್ಕಕ್ಕೆ ಇಡುತ್ತಾನೆ. ಯಾಕೆ ಅಂತ ಹೇಳಲ್ಲ. ಇಡೀ ಪುಸ್ತಕದಲ್ಲಿ ಓದುಗರಿಂದ ಜಾಸ್ತಿ ಪತ್ರ ತಂದಿದ್ದು ಆ ಅರ್ಧ ಪುಟ. ಇಂಥ ಅರ್ಧ ಪುಟ ಬರೆಯಬಲ್ಲವರು ಕಮ್ಮಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಇದಕ್ಕೆ ದುಡ್ಡೂ ಖರ್ಚಾಯಿತು. ನಿವೃತ್ತ ಸೈನಿಕರೊಬ್ಬರಿಗೆ ಸಂಭಾವನೆ ಕೊಟ್ಟು ಹಸ್ತಪ್ರತಿ ಓದಿಸಿದೆ. ಹೆಚ್ಚುಕಮ್ಮಿ ಮುಖಪುಟಕ್ಕೆ ಕೊಟ್ಟಷ್ಟೇ ಆಯಿತು. ‘ಸದ್ದೇ ಇಲ್ಲದ’ ಸಪ್ರೆಸರ್ (ಬಂದೂಕಿನ ಸದ್ದು ತಗ್ಗಿಸುವ ಕೊಳವೆ) ದೃಶ್ಯವನ್ನು ಅವರು ಹೊಡೆದು ಹಾಕಿದರು. ಬಂದೂಕಿನ ಸದ್ದು 140 ಡೆಸಿಬೆಲ್ ದಾಟುತ್ತದೆ, ಸಪ್ರೆಸರ್ ಅದರಲ್ಲಿ 20ರಿಂದ 35 ತಗ್ಗಿಸಬಹುದು ಅಷ್ಟೇ. ಪಕ್ಕದ ಕೋಣೆಗೆ ಕೇಳದೇ ಇರುತ್ತಾ? ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಟೂರ್ನಿಕೆಟ್ ಪಟ್ಟಿ ಕಟ್ಟಿದ ಹೊತ್ತನ್ನು ಬರೆದಿಡಬೇಕು ಅಂತಲೂ ಅವರೇ ಹೇಳಿದ್ದು. ಅದು ನನಗೆ ಒಂದು ಇಡೀ ದೃಶ್ಯ ಕೊಟ್ಟಿತು: ಅವನು ಗಾಯಗೊಂಡಿದ್ದಾನೆ, ಪಟ್ಟಿಯ ಮೇಲೆ ಹೊತ್ತು ಬರೆಯುವ ಕೈ ಅವಳದು.

ಅವರ ಇನ್ನೊಂದು ಮಾತನ್ನು ನಾನು ನಿಯಮ ಮಾಡಿಕೊಂಡಿದ್ದೇನೆ. ಪ್ರೀತಿ ಸಿಕ್ಕ ತಕ್ಷಣ ಯುದ್ಧದಿಂದ ಮನಸ್ಸಿಗಾದ ಗಾಯ ವಾಸಿಯಾಯಿತು ಅಂತ ಬರೆಯಬಾರದು. ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆ) ಅನ್ನೋ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಅದರೊಂದಿಗೆ ಬದುಕುವವರ ಮನೆಯವರೂ ನಮ್ಮ ಓದುಗರಲ್ಲಿದ್ದಾರೆ. ನನ್ನ ನಾಯಕ ಕೊನೆಯ ಪುಟದಲ್ಲೂ ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಾನೆ. ಬಂದ ಕೂಡಲೇ ಆ ಕುರ್ಚಿಯನ್ನು ಅವನಿಗೆ ಬಿಡುವುದು ಅವಳಿಗೆ ರೂಢಿಯಾಗಿರುತ್ತದೆ.

ನಡುವೆ ಕೆಲವು ಪ್ರಯೋಗ ಮಾಡಿದೆ. ನಾಯಕನ ಬಾಯಲ್ಲೇ ಕಥೆ ಹೇಳಿಸಿದೆ. ಮೌನಿ ಮನುಷ್ಯ ವಾಚಾಳಿಯಾದ, ಬಿಟ್ಟೆ. ಅಧ್ಯಾಯಗಳ ತಲೆಗೆ 24 ಗಂಟೆಯ ಸೈನಿಕ ಸಮಯ ಹಾಕಿದೆ, ಯಾರೂ ಓದಲಿಲ್ಲ. ಸೈನ್ಯದಿಂದ ನಿವೃತ್ತವಾದ ಒಂದು ಬೆಲ್ಜಿಯನ್ ಮ್ಯಾಲಿನ್ವಾ ನಾಯಿ ತಂದೆ. ಅದು ನಾಯಕನಿಗಿಂತ ಜನಪ್ರಿಯವಾಯಿತು, ಈಗ ಪ್ರತಿ ಪುಸ್ತಕದಲ್ಲೂ ಇದೆ.

ಖಳನನ್ನು ಮೊದಲ ಕಾಲು ಭಾಗದಲ್ಲೇ ತಂದು, ಯಾರಿಗೂ ಅನುಮಾನ ಬರದ ಹಾಗೆ ನಿಲ್ಲಿಸುವ ಒಂದು ಉಪಾಯ ಇದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಮುಖಪುಟದ ವಿಷಯ ಮಾತ್ರ ಮುಚ್ಚಿಡಲ್ಲ. ಬಂದೂಕು, ಬರಿಮೈ ಇದ್ದ ಮುಖಪುಟ ಬೇರೆಯದೇ ಓದುಗರನ್ನು ಕರೆತಂದು ಕೆಟ್ಟ ಅಂಕ ಕೊಡಿಸಿತ್ತು. ಬೆನ್ನು ತಿರುಗಿಸಿ ನಿಂತ ಗಂಡಸು, ದೂರದಲ್ಲಿ ದೀಪ ಹತ್ತಿದ ಮನೆ ಅಂತ ಬದಲಾಯಿಸಿದ ಮೇಲೆ ಮಾರಾಟ ಮೂರು ಪಟ್ಟು ಹತ್ತಿರ ಹೋಯಿತು. ಬೆಲೆಯನ್ನೂ ಹೊಂದಿಸಿದೆ. ಅಮೆಜಾನ್‌ನ ಇ-ಪುಸ್ತಕದ ಅಂಗಡಿ ಕಿಂಡಲ್‌ನಲ್ಲಿ ತೀರಾ ಅಗ್ಗಕ್ಕೆ ಇಟ್ಟರೆ ರಾಯಲ್ಟಿ (ಲೇಖಕರ ಪಾಲು) 35%, ಅವರು ಹೇಳಿದ ಮಿತಿಯೊಳಗೆ ಇಟ್ಟರೆ 70%ವರೆಗೆ. ಆದರೂ ಸರಣಿಯ ಮೊದಲ ಪುಸ್ತಕವನ್ನು ಅಗ್ಗಕ್ಕೇ ಬಿಟ್ಟಿದ್ದೇನೆ. ಅದನ್ನು ಓದಿದ ನೂರರಲ್ಲಿ 60 ಜನ ಅದೇ ತುಕಡಿಯ ಇನ್ನೊಬ್ಬ ಸೈನಿಕನ ಕಥೆ ಕೊಂಡರು, ಆ ಕಥೆ ಪೂರ್ತಿ ಬೆಲೆಯದು. ಲಾಭ ಬರುತ್ತಿರುವುದು ಅಲ್ಲಿಂದ.